ಮೇ ದಿನ ಹುಟ್ಟಿದ ಅಮೆರಿಕದಲ್ಲೇ ಯೂನಿಯನ್ ಯಾಕೆ ಇಷ್ಟು ಸೊರಗಿತು?

ಮಂಜೇಶ್ವರದವ:
ನಮ್ಮಲ್ಲಿ ಮೇ 1 ಅಂದರೆ ಕೆಂಪು ಬಾವುಟ, ಮೆರವಣಿಗೆ, ರಜೆ. 1886ರಲ್ಲಿ ಶಿಕಾಗೋದಲ್ಲಿ ಎಂಟು ಗಂಟೆ ಕೆಲಸಕ್ಕಾಗಿ ನಡೆದ ಮುಷ್ಕರದಿಂದ ಅದು ಬಂದದ್ದು ಅಂತ ಗೊತ್ತು. ಆದರೆ ಅಮೆರಿಕದಲ್ಲೇ ಇರುವ ನನ್ನ ಭಾವ ಹೇಳುತ್ತಾರೆ, ಮೇ 1ಕ್ಕೆ ಅಲ್ಲಿ ರಜೆಯೇ ಇಲ್ಲವಂತೆ. 1950ರ ದಶಕದಲ್ಲಿ ಮೂರರಲ್ಲಿ ಒಬ್ಬ ಕೆಲಸಗಾರ ಯೂನಿಯನ್‌ನಲ್ಲಿದ್ದ, ಈಗ ಹತ್ತರಲ್ಲಿ ಒಬ್ಬ. ಅಷ್ಟು ದೊಡ್ಡ ಶಕ್ತಿ ಹೇಗೆ ಕರಗಿತು? ತಿಳಿದವರು ಹೇಳಿ.

ಪೆರ್ಲದ ಮಾಷ್ಟ್ರು:
ರಜೆಯ ವಿಷಯ ಮೊದಲು. 1894ರಲ್ಲಿ ಅಧ್ಯಕ್ಷ ಕ್ಲೀವ್‌ಲ್ಯಾಂಡ್ ಸೆಪ್ಟೆಂಬರಿನ ಮೊದಲ ಸೋಮವಾರವನ್ನು ಕಾರ್ಮಿಕರ ರಜೆ ಮಾಡಿದರು. ಅದೇ ಬೇಸಿಗೆಯಲ್ಲಿ ಪುಲ್‌ಮನ್ ರೈಲು ಮುಷ್ಕರ ಮುರಿಯಲು ಸೈನ್ಯ ಕಳಿಸಿದ್ದೂ ಅವರೇ.

ಇನ್ನು ಶಕ್ತಿ ಬಂದದ್ದು ಹೇಗೆ ಅಂತ ನೋಡದೆ ಹೋದದ್ದು ಹೇಗೆ ಅಂತ ಅರ್ಥವಾಗುವುದಿಲ್ಲ. 1935ರ ವ್ಯಾಗ್ನರ್ ಕಾಯ್ದೆ ಯೂನಿಯನ್ ಕಟ್ಟುವ ಹಕ್ಕು ಕೊಟ್ಟಿತು, ಆದರೆ ಕಂಪನಿಗಳು ಅದಕ್ಕೆ ಕಿವಿಗೊಡಲಿಲ್ಲ. 1936ರ ಡಿಸೆಂಬರ್ ಕೊನೆಗೆ ಮಿಷಿಗನ್‌ನ ಫ್ಲಿಂಟ್‌ನಲ್ಲಿ ಜನರಲ್ ಮೋಟರ್ಸ್ ಕೆಲಸಗಾರರು ಗೇಟಿನ ಹೊರಗೆ ನಿಲ್ಲುವ ಬದಲು ಕಾರ್ಖಾನೆಯ ಒಳಗೇ ಕೂತುಬಿಟ್ಟರು. ಯಂತ್ರದ ಪಕ್ಕ ಅವರೇ ಇದ್ದರೆ ಬೇರೆಯವರನ್ನು ತಂದು ಕೆಲಸ ಮಾಡಿಸುವುದು ಹೇಗೆ, ಅಲ್ವಾ? ಜನವರಿಯ ಚಳಿಯಲ್ಲಿ ಕಂಪನಿಯವರು ಹೀಟರ್ ನಿಲ್ಲಿಸಿದರು, ಪೊಲೀಸರು ಅಶ್ರುವಾಯು ಬಿಟ್ಟರು. ಒಳಗಿದ್ದವರು ಬೆಂಕಿ ಆರಿಸುವ ಪೈಪಿನಿಂದ ತಣ್ಣೀರು ಹಾರಿಸಿ, ಕಾರಿನ ಬಾಗಿಲಿನ ಕಬ್ಬಿಣದ ತಿರುಗಣೆಗಳನ್ನು ಎಸೆದು ಅವರನ್ನು ಓಡಿಸಿದರು. ಗವರ್ನರ್ ಮರ್ಫಿ ಸೈನಿಕರನ್ನು ಕರೆಸಿದರೂ ಕೆಲಸಗಾರರನ್ನು ಹೊರದಬ್ಬಲು ಬಿಡಲಿಲ್ಲ. 44 ದಿನದ ಮೇಲೆ ಕಂಪನಿ ಮಣಿಯಿತು. ನನಗಂತೂ ಇಡೀ ಕಥೆಯಲ್ಲಿ ಮುಖ್ಯ ಅನಿಸುವುದು ಆ ಗವರ್ನರನ ನಿರ್ಧಾರ. ಸರಕಾರ ಕಂಪನಿಯ ಪರ ನಿಲ್ಲದಿದ್ದಾಗ ಮಾತ್ರ ಅಲ್ಲಿ ಕೆಲಸಗಾರ ಗೆದ್ದದ್ದು.

1947ರಲ್ಲಿ ಗಾಳಿ ತಿರುಗಿತು. ಅಧ್ಯಕ್ಷ ಟ್ರೂಮನ್ ಬೇಡವೆಂದರೂ ಸಂಸತ್ತು ಟಾಫ್ಟ್-ಹಾರ್ಟ್ಲಿ ಕಾಯ್ದೆ ತಂದಿತು. ಯೂನಿಯನ್‌ಗೆ ಹಣ ಕೊಡಲೇಬೇಕು ಎನ್ನುವ ಒಪ್ಪಂದವನ್ನು ಯಾವ ರಾಜ್ಯ ಬೇಕಾದರೂ ನಿಷೇಧಿಸಬಹುದು ಅಂತಾಯಿತು. ದಕ್ಷಿಣದ ರಾಜ್ಯಗಳು ಒಂದೊಂದಾಗಿ ಹಾಗೇ ಮಾಡಿದವು, ಕಾರ್ಖಾನೆಗಳು ಮೆಲ್ಲಗೆ ಆ ಕಡೆ ಹೊರಟವು.

ಬದಿಯಡ್ಕದ ಅಕ್ಕ:
ಮಾಷ್ಟ್ರೇ, ಈ ಕಡೆಯ ಬೀಡಿಯ ಕಥೆಯೂ ಇದೇ ಅಲ್ವಾ? 1966ರ ಬೀಡಿ ಕಾಯ್ದೆಯನ್ನು ಕೇರಳ ಜಾರಿ ಮಾಡಹೊರಟಾಗ ಮಂಗಳೂರಿನ ದೊಡ್ಡ ಬೀಡಿ ಮಾಲಿಕರು ಇಲ್ಲಿಯ ಕೆಲಸ ನಿಲ್ಲಿಸಿ ಗಡಿ ದಾಟಿಸಿದರು. ಆಗ ಕಾಸರಗೋಡಿನ ನಾವು ಕಣ್ಣೂರು ಜಿಲ್ಲೆಗೇ ಸೇರಿದ್ದೆವು. ನನ್ನ ಅಮ್ಮ ಮಡಿಲಲ್ಲಿ ಮೊರ ಇಟ್ಟುಕೊಂಡು ಸಂಜೆವರೆಗೆ ಎಲೆ ಸುರುಳಿ ಸುತ್ತಿ ನೂಲು ಕಟ್ಟುತ್ತಿದ್ದವರು. ಕಾನೂನು ಬಂದರೆ ಕೂಲಿ ಜಾಸ್ತಿ ಆಗಬೇಕಿತ್ತು, ಆದದ್ದು ಕೆಲಸವೇ ಇಲ್ಲ ಅಂತ. ಆದರೆ 1969ರಲ್ಲಿ ಕಣ್ಣೂರಿನವರು ದಿನೇಶ್ ಬೀಡಿ ಸಹಕಾರಿ ಸಂಘ ಕಟ್ಟಿದರು, ಸರಕಾರವೂ ಸಾಲ ಕೊಟ್ಟಿತು. ಫ್ಲಿಂಟ್‌ನಂಥ ಊರಿಗೆ ಅಂಥ ಆಸರೆ ಯಾರೂ ಕೊಡಲಿಲ್ಲವಾ?

ಕುಂಬಳೆ ಹುಡುಗ:
ಬರೀ ಕಾನೂನು ಅಂತ ಹೇಳಬೇಡಿ. ಯಂತ್ರ ಬಂತು, 1970ರ ದಶಕದಲ್ಲಿ ಜಪಾನಿನ ಕಾರು ಬಂತು, 1994ರಲ್ಲಿ ಮೆಕ್ಸಿಕೋ ಜೊತೆ ವ್ಯಾಪಾರ ಒಪ್ಪಂದ, 2001ರಲ್ಲಿ ಚೀನಾ ವಿಶ್ವ ವ್ಯಾಪಾರ ಸಂಸ್ಥೆಗೆ ಸೇರಿತು. ಯಾವ ಯೂನಿಯನ್ ಇದನ್ನೆಲ್ಲ ತಡೆಯುತ್ತಿತ್ತು?

ಪೆರ್ಲದ ಮಾಷ್ಟ್ರು:
ತಮ್ಮಾ, ಯಂತ್ರ ಕೆನಡಾಕ್ಕೂ ಬಂತು, ಅಲ್ಲಿ ಯೂನಿಯನ್ ಇಷ್ಟು ಕುಸಿಯಲಿಲ್ಲ. 1981 ನೋಡು. ವಿಮಾನ ಸಂಚಾರ ನಿಯಂತ್ರಕರು ಮುಷ್ಕರ ಹೂಡಿದಾಗ ಅಧ್ಯಕ್ಷ ರೇಗನ್ 11,000ಕ್ಕೂ ಹೆಚ್ಚು ಜನರನ್ನು ಒಂದೇ ಏಟಿಗೆ ವಜಾ ಮಾಡಿದರು. ಅದನ್ನು ನೋಡಿ ಖಾಸಗಿ ಮಾಲಿಕರಿಗೂ ಧೈರ್ಯ ಬಂತು. ಆಮೇಲೆ ದೊಡ್ಡ ಮುಷ್ಕರಗಳೇ ವಿರಳವಾದವು.

ಅಕ್ಕಾ, ಆಮದಿನಿಂದ ಕೆಲಸ ಹೋದವರಿಗೆ ತರಬೇತಿ, ಸ್ವಲ್ಪ ದಿನದ ಭತ್ಯೆ ಕೊಡುವ ಯೋಜನೆ 1962ರಲ್ಲೇ ಅಲ್ಲಿ ಬಂದಿತ್ತು, 2022ರಲ್ಲಿ ಹೊಸಬರಿಗೆ ಅದು ನಿಂತಿತು. ಅದು ಆಳಿಗೆ ಆಯಿತು, ಊರಿಗೆ ಸಾಲಲಿಲ್ಲ. ಮಿಷಿಗನ್ ಕೂಡ 2012ರಲ್ಲಿ ದಕ್ಷಿಣದವರ ದಾರಿ ಹಿಡಿಯಿತು, 2023ರಲ್ಲಿ ಆ ಕಾನೂನು ರದ್ದು ಮಾಡಿತು.

ಮಂಜೇಶ್ವರದವ:
ಈ ಕೊನೆಯದ್ದು ಗೊತ್ತೇ ಇರಲಿಲ್ಲ ಮಾಷ್ಟ್ರೇ. ಭಾವನಿಗೆ ಈಗಲೇ ಕಳಿಸುತ್ತೇನೆ, ಅವರಿರುವುದೂ ಮಿಷಿಗನ್‌ನಲ್ಲೇ.