ಆತ್ಮಾಹುತಿ ದಾಳಿ: ಧರ್ಮಕ್ಕಾಗಿಯೋ, ರಾಜಕೀಯಕ್ಕಾಗಿಯೋ?

ಪ್ರಶ್ನೆ: ಸರ್, ನೀವು ರಾಜ್ಯಶಾಸ್ತ್ರ ಪಾಠ ಮಾಡುವವರು ಅಂತ ಕೇಳುತ್ತಿದ್ದೇನೆ. ಮೊನ್ನೆ ಗೆಳೆಯರ ನಡುವೆ ಜೋರು ವಾದ ಆಯ್ತು. ಮೈಗೆ ಬಾಂಬ್ ಕಟ್ಟಿಕೊಂಡು ಸಾಯುವವರ ಬಗ್ಗೆ. ಒಬ್ಬ "ಸ್ವರ್ಗ ಸಿಗುತ್ತೆ ಅಂತ ತಲೆಗೆ ತುಂಬಿರುತ್ತಾರೆ, ಅಷ್ಟೇ" ಅಂದ. ಇನ್ನೊಬ್ಬ "ಎಲ್ಲಾ ರಾಜಕೀಯ, ಧರ್ಮ ಸುಮ್ನೆ ನೆಪ" ಅಂದ. ಯಾರ ಮಾತು ಸರಿ?

ಉತ್ತರ: ಮೊದಲನೇ ಗೆಳೆಯರಿಗೆ ಎಲ್‌ಟಿಟಿಇ, ಅಂದರೆ ಶ್ರೀಲಂಕಾದಲ್ಲಿ ತಮಿಳರ ಪ್ರತ್ಯೇಕ ನಾಡಿಗಾಗಿ ಹೋರಾಡಿದ ಸಶಸ್ತ್ರ ಗುಂಪನ್ನು ನೆನಪು ಮಾಡಿ. 1987ರ ಜುಲೈ 5ರಂದು ಜಾಫ್ನಾದ ನೆಲ್ಲಿಯಡಿಯಲ್ಲಿ ‘ಕ್ಯಾಪ್ಟನ್ ಮಿಲ್ಲರ್’ ಎಂಬುವನು ಸ್ಫೋಟಕ ತುಂಬಿದ ಲಾರಿಯನ್ನು ಸೇನಾ ಶಿಬಿರಕ್ಕೆ ನುಗ್ಗಿಸಿದ. ಎಲ್‌ಟಿಟಿಇಯ ಆತ್ಮಾಹುತಿ ದಳವಾದ ‘ಕರಿಹುಲಿ’ಗಳ ಕಥೆ ಶುರುವಾಗಿದ್ದು ಅಲ್ಲಿಂದ. 1991ರಲ್ಲಿ ಶ್ರೀಪೆರಂಬುದೂರಿನಲ್ಲಿ ರಾಜೀವ್ ಗಾಂಧಿಯನ್ನು ಕೊಂದರು. 1993ರ ಮೇ 1ರಂದು ಕೊಲಂಬೊದಲ್ಲಿ ಅಧ್ಯಕ್ಷ ಪ್ರೇಮದಾಸ ಅವರನ್ನು ಕೊಂದರು. ಬೇಕಾಗಿದ್ದದ್ದು ಪ್ರತ್ಯೇಕ ನಾಡು, ಸ್ವರ್ಗ ಅಲ್ಲ. ಅಮೆರಿಕದ ರಾಜ್ಯಶಾಸ್ತ್ರಜ್ಞ ರಾಬರ್ಟ್ ಪೇಪ್ 1980ರಿಂದ 2003ರವರೆಗಿನ 315 ಆತ್ಮಾಹುತಿ ದಾಳಿಗಳನ್ನು ಲೆಕ್ಕ ಹಾಕಿದಾಗ ಎಲ್ಲರಿಗಿಂತ ಮುಂದಿದ್ದದ್ದು ಇದೇ ಎಲ್‌ಟಿಟಿಇ.

ಎರಡನೇ ಗೆಳೆಯರು ಈಗಲೇ ಖುಷಿಪಡುವುದು ಬೇಡ. ಅದೇ ದ್ವೀಪ. 2009ರ ಮೇ ತಿಂಗಳಲ್ಲಿ ಯುದ್ಧ ಮುಗಿಯಿತು, ಕರಿಹುಲಿಗಳೂ ಮುಗಿದರು. ಹತ್ತು ವರ್ಷದ ನಂತರ, 2019ರ ಏಪ್ರಿಲ್ 21ರ ಈಸ್ಟರ್ ಭಾನುವಾರ, ಮೂರು ಚರ್ಚು ಮತ್ತು ಮೂರು ದೊಡ್ಡ ಹೋಟೆಲ್‌ಗಳಲ್ಲಿ ಬಾಂಬ್ ಸಿಡಿದವು. 250ಕ್ಕೂ ಹೆಚ್ಚು ಜನ ಸತ್ತರು. ದಾಳಿಕೋರರು ಅಲ್ಲಿನವರೇ, ಐಸಿಸ್ ಎಂಬ ಜಿಹಾದಿ ಸಂಘಟನೆಯ ನಾಯಕನಿಗೆ ನಿಷ್ಠೆಯ ಪ್ರಮಾಣ ಮಾಡಿದ್ದವರು. ‘ನಮಗೆ ಇಷ್ಟು ಜಾಗ ಬಿಟ್ಟುಕೊಡಿ’ ಎಂಬ ಬೇಡಿಕೆಯೇ ಇರಲಿಲ್ಲ. ಇಲ್ಲಿ ಧರ್ಮ ನೆಪ ಎನ್ನುವುದು ಕಷ್ಟ, ಅಲ್ವಾ?

ನಾನು ತರಗತಿಯಲ್ಲಿ ಈ ಪ್ರಶ್ನೆಯನ್ನು ಎರಡಾಗಿ ಒಡೆಯುತ್ತೇನೆ. ಸಂಘಟನೆ ಯಾಕೆ ಕಳಿಸುತ್ತದೆ? ಮನುಷ್ಯ ಯಾಕೆ ಹೋಗುತ್ತಾನೆ? ಎರಡಕ್ಕೂ ಒಂದೇ ಉತ್ತರ ಹುಡುಕಿದರೆ ಎಡವುತ್ತೇವೆ.

ಸಂಘಟನೆಯದ್ದು ಬಹುಪಾಲು ಲೆಕ್ಕಾಚಾರ. 1983ರ ಅಕ್ಟೋಬರ್ 23ರಂದು ಲೆಬನಾನಿನ ಬೈರೂತ್‌ನಲ್ಲಿ ಸ್ಫೋಟಕ ತುಂಬಿದ ಒಂದು ಟ್ರಕ್ ಅಮೆರಿಕದ ಸೈನಿಕರಿದ್ದ ಕಟ್ಟಡಕ್ಕೆ ನುಗ್ಗಿ 241 ಜನರನ್ನು ಕೊಂದಿತು. ಇನ್ನೊಂದು ದಾಳಿಗೆ 58 ಫ್ರೆಂಚ್ ಸೈನಿಕರು ಬಲಿಯಾದರು. ಮರುವರ್ಷದ ಫೆಬ್ರವರಿಯಲ್ಲಿ ಅಮೆರಿಕ ಅಲ್ಲಿಂದ ಸೈನ್ಯ ತೆಗೆಯಿತು. ಜಗತ್ತಿನ ಸಶಸ್ತ್ರ ಗುಂಪುಗಳೆಲ್ಲ ಇದನ್ನು ನೋಡಿದವು. ನಾಲ್ಕೇ ವರ್ಷಕ್ಕೆ ಅದೇ ಬಗೆಯ ಲಾರಿ ನೆಲ್ಲಿಯಡಿಗೂ ಬಂತು.

ಆದರೆ ಲೆಕ್ಕಾಚಾರಕ್ಕೋಸ್ಕರ ಯಾರೂ ಸಾಯುವುದಿಲ್ಲ. ಅದಕ್ಕೆ ಬೇರೆ ಭಾಷೆ ಬೇಕು. ತಮಿಳಿನಲ್ಲಿ ಆತ್ಮಹತ್ಯೆಗೆ ‘ತರ್ಕೊಲೈ’ ಎನ್ನುತ್ತಾರೆ. ನಮ್ಮ ‘ಕೊಲೆ’ಯೇ ಅವರ ‘ಕೊಲೈ’. ಎಲ್‌ಟಿಟಿಇ ಆ ಪದವನ್ನು ಹತ್ತಿರ ಸೇರಿಸಲಿಲ್ಲ. ‘ತರ್ಕೊಡೈ’ ಅಂದಿತು. ಅಂದರೆ ತನ್ನನ್ನೇ ಕೊಟ್ಟುಬಿಡುವುದು. ಲಕಾರ ಹೋಗಿ ಡಕಾರ ಬಂತು, ಕೊಲೆ ಹೋಗಿ ಕೊಡುಗೆ ಆಯಿತು! ಅರಬ್ ಗುಂಪುಗಳು ಮಾಡಿದ್ದೂ ಇದನ್ನೇ. ಇಸ್ಲಾಮಿನಲ್ಲಿ ಆತ್ಮಹತ್ಯೆ ನಿಷಿದ್ಧ. ಹಾಗಾಗಿ ಆತ್ಮಹತ್ಯೆಯ ಪದವಾದ ‘ಇಂತಿಹಾರ್’ ಬಿಟ್ಟು, ಹುತಾತ್ಮನಾಗುವುದು ಎಂಬ ಅರ್ಥದ ‘ಇಸ್ತಿಶ್‌ಹಾದ್’ ಹಿಡಿದವು. ಒಂದು ಕಡೆ ನಾಡು, ಇನ್ನೊಂದು ಕಡೆ ದೇವರು. ಪದ ಮಾಡುವ ಕೆಲಸ ಮಾತ್ರ ಒಂದೇ.

ಇನ್ನೊಬ್ಬ ಸದಸ್ಯರು: ಅಂದ್ರೆ ಹೊರಗಿನ ಸೈನ್ಯ ಬಂದು ಕೂತರೆ ಜನ ಹೀಗಾಗ್ತಾರೆ ಅಂತಲೇ?

ಉತ್ತರ: ಪೇಪ್ ವಾದ ಹೆಚ್ಚುಕಡಿಮೆ ಅದೇ. ನಾನು ಪೂರ್ತಿ ಒಪ್ಪುವುದಿಲ್ಲ. ಸೋವಿಯತ್ ಸೈನ್ಯ 1979ರಿಂದ 1989ರವರೆಗೆ ಅಫ್ಘಾನಿಸ್ತಾನದಲ್ಲಿತ್ತು. ಅದರ ವಿರುದ್ಧ ಹೋರಾಡಿದ ಮುಜಾಹಿದೀನ್‌ಗಳಿಗೆ ಧರ್ಮಶ್ರದ್ಧೆಯೂ ಜಾಸ್ತಿ, ಪರಕೀಯರ ಮೇಲೆ ಸಿಟ್ಟೂ ಜಾಸ್ತಿ. ಆದರೂ ಅವರ ದಾರಿ ಆತ್ಮಾಹುತಿಯದ್ದಾಗಿರಲಿಲ್ಲ. 2001ರ ಸೆಪ್ಟೆಂಬರ್ 9ರಂದು ಪತ್ರಕರ್ತರ ವೇಷದಲ್ಲಿ ಬಂದ ಇಬ್ಬರು ಅಫ್ಘಾನ್ ಮುಜಾಹಿದೀನ್ ನಾಯಕ ಅಹ್ಮದ್ ಶಾ ಮಸೂದ್ ಅವರನ್ನು ಆತ್ಮಾಹುತಿ ದಾಳಿಯಲ್ಲಿ ಕೊಂದರಲ್ಲ, ಆ ಇಬ್ಬರು ಹೊರಗಿನಿಂದ ಬಂದ ಅರಬರು. ಸೋವಿಯತ್ ಸೈನ್ಯವಿದ್ದ ಹತ್ತು ವರ್ಷ, ಶ್ರದ್ಧೆ ಮತ್ತು ಸಿಟ್ಟು ಎರಡೂ ಇದ್ದೂ ಆ ಮದ್ದು ಹೊತ್ತಿಕೊಳ್ಳಲಿಲ್ಲ. ಈ ವಿಧಾನವನ್ನೇ ಆರಿಸಿ, ಅದಕ್ಕೆ ಗೌರವ ಕಟ್ಟಿಕೊಡುವ ಗುಂಪು ಅಲ್ಲಿರಲಿಲ್ಲ. ಇನ್ನು 2003ರ ನಂತರದ ಇರಾಕ್ ನೋಡಿ. ಅಮೆರಿಕದ ಸೈನ್ಯ ಕಣ್ಣೆದುರಿಗೇ ಇತ್ತು. ಬಾಂಬ್ ಸಿಡಿದದ್ದು ಜಾಸ್ತಿ ಇರಾಕಿನವರ ಮೇಲೆಯೇ, ಅದರಲ್ಲೂ ಶಿಯಾ ಜನರ ಸಂತೆ, ಮಸೀದಿಗಳಲ್ಲಿ.

ಮೂರನೇ ಸದಸ್ಯರು: ಬಡತನ, ಮಾನಸಿಕ ಕಾಯಿಲೆ?

ಉತ್ತರ: ಬಡತನ ಅಂತ ಖಂಡಿತ ಹೇಳಲಾರೆ. ಈಸ್ಟರ್ ದಾಳಿಯಲ್ಲಿ ಇಬ್ಬರು ಶ್ರೀಮಂತ ವ್ಯಾಪಾರಿಯ ಮಕ್ಕಳು. ಕಾಯಿಲೆ ಇರುವವರನ್ನು ಗುಂಪುಗಳೇ ದೂರ ಇಡುತ್ತವೆ, ನಂಬಲಾಗುವುದಿಲ್ಲವಲ್ಲ. ಅದರ ಬದಲು, ಒಪ್ಪಿದವನು ಹಿಂದೆ ಸರಿಯದಂತೆ ನೋಡಿಕೊಳ್ಳುತ್ತವೆ. ಪ್ಯಾಲೆಸ್ಟೀನಿನ ಗುಂಪುಗಳಲ್ಲಿ ಕೊನೆಯ ಮಾತಿನ ವಿಡಿಯೋ ಮಾಡಿಸಿದ ಮೇಲೆ ಅವನಿಗೆ ‘ಬದುಕಿರುವ ಹುತಾತ್ಮ’ ಎಂಬ ಹೆಸರು ಬೀಳುತ್ತಿತ್ತು. ಆಮೇಲೆ ವಾಪಸ್ ಬಂದರೆ ಯಾವ ಮುಖ ಇಟ್ಟುಕೊಂಡು ಬದುಕುವುದು?

ಹೋಗುವವರ ಉದ್ದೇಶ ಎಂಬ ಮಾತೇ ಹೊಂದದ ಕಡೆಯೂ ಇದೆ. ನೈಜೀರಿಯಾದ ಬೋಕೊ ಹರಾಮ್ ಎಂಬ ಉಗ್ರ ಗುಂಪು ತಾನು ಎತ್ತಿಕೊಂಡು ಹೋದ ಹುಡುಗಿಯರ ಮೈಗೇ ಬಾಂಬ್ ಕಟ್ಟಿತು. 2016ರ ಫೆಬ್ರವರಿಯಲ್ಲಿ ಡಿಕ್ವಾ ನಿರಾಶ್ರಿತರ ಶಿಬಿರಕ್ಕೆ ಮೂವರನ್ನು ಕಳಿಸಿದರು. ಇಬ್ಬರು ಸಿಡಿದರು, ಹತ್ತಾರು ಜನ ಸತ್ತರು. ಮೂರನೆಯವಳಿಗೆ ತನ್ನ ಮನೆಯವರು ಅದೇ ಶಿಬಿರದಲ್ಲಿದ್ದಾರೆ ಎಂದು ಗೊತ್ತಾಯಿತು. ಬಾಂಬ್ ಬಿಚ್ಚಿ ಎಸೆದು ಓಡಿದಳು.