ತಮ್ಮನಿಗೆ ಚಿನ್ನದ ಕೆಲಸ ಕಲಿಸಬೇಕು: ಚಿಂತಾಮಣಿಯಲ್ಲೋ, ಬೆಂಗಳೂರಿನಲ್ಲೋ?

ಚಿಂತಾಮಣಿ ಅಕ್ಕ:
ನಮ್ಮ ತಮ್ಮ ಈ ವರ್ಷ ಪಿಯುಸಿ ಮುಗಿಸಿದ. ವಯಸ್ಸು 18. ಚಿನ್ನದ ಕೆಲಸ ಕಲಿಯುತ್ತೇನೆ ಅಂತ ಹಟ ಹಿಡಿದಿದ್ದಾನೆ. ನಮ್ಮ ಮನೆಯಲ್ಲಿ ಈ ಕಸುಬು ಯಾರಿಗೂ ಗೊತ್ತಿಲ್ಲ. ಇಲ್ಲೇ ಚಿಂತಾಮಣಿಯಲ್ಲಿ ವಯಸ್ಸಾದ ಆಚಾರಿಯೊಬ್ಬರು ಕಲಿಸಲು ಒಪ್ಪಿದ್ದಾರೆ. ಮೊದಲ ವರ್ಷ ಸಂಬಳ ಇಲ್ಲ, ಮಧ್ಯಾಹ್ನದ ಊಟ ಅಷ್ಟೇ. ಬೆಂಗಳೂರಿನ ನಗರ್ತಪೇಟೆಯ ಒಂದು ವರ್ಕ್‌ಶಾಪ್‌ನವರು ಮೊದಲ ತಿಂಗಳಿಂದಲೇ ಸಂಬಳ, ಇರಲು ಜಾಗ ಎರಡೂ ಕೊಡುತ್ತಾರಂತೆ. ಆದರೆ ಚಿನ್ನ ಕಡಿಮೆ ಬಂದರೆ ಸಂಬಳದಲ್ಲಿ ಹಿಡಿಯುತ್ತೇವೆ ಅಂದರು. ನನಗೆ ಅದೇ ಭಯ. ಅಮ್ಮ ಬೆಂಗಳೂರಿಗೇ ಹೋಗಲಿ ಅನ್ನುತ್ತಾರೆ. ತಿಳಿದವರು ಹೇಳಿ.

ಮಾಲೂರು ಹುಡುಗ:
ಬೆಂಗಳೂರಿನ ದೊಡ್ಡ ವರ್ಕ್‌ಶಾಪ್‌ಗಳಲ್ಲಿ ಕೆಲಸ ಹಂಚಿಹೋಗಿರುತ್ತದೆ. ಡಿಸೈನ್ ಕಂಪ್ಯೂಟರಿನಲ್ಲಿ, ಮೇಣದ ಅಚ್ಚು ಒಬ್ಬರು, ಕಲ್ಲು ಕೂರಿಸುವವರು ಇನ್ನೊಬ್ಬರು. ನನ್ನ ಗೆಳೆಯ ಸೇರಿದಾಗಿನಿಂದ ಪಾಲಿಶ್ ಬಿಟ್ಟು ಬೇರೆ ಏನೂ ಮುಟ್ಟಿಲ್ಲ. ಸಂಬಳ ಮಾತ್ರ ಸರಿಯಾಗಿ ಬರುತ್ತಿದೆ.

ಕೋಲಾರದ ಆಚಾರಿ:
ತಂಗೀ, ಸಂಬಳದ ಮಾತು ಆಮೇಲೆ. ಎರಡೂ ಕಡೆ ಒಂದೇ ಪ್ರಶ್ನೆ ಕೇಳು: ಲೋಹ ಕೊಡುವಾಗ ಹುಡುಗನ ಕಣ್ಣೆದುರು ತೂಕ ಹಾಕುತ್ತೀರಾ? ಸಂಜೆ ಒಪ್ಪಿಸುವಾಗಲೂ ಹಾಕುತ್ತೀರಾ?

ಅರ ಹಾಕಿದರೆ ಪುಡಿ ಬಿದ್ದೇ ಬೀಳುತ್ತದೆ. ಕಾಯಿಸಿದರೆ, ಪಾಲಿಶ್ ಮಾಡಿದರೆ ಸ್ವಲ್ಪ ಸವೆಯುತ್ತದೆ. ಇದು ಕಳ್ಳತನ ಅಲ್ಲ, ಸವಕಳಿ. ಇಂಥ ಕೆಲಸಕ್ಕೆ ಇಷ್ಟು ಸವಕಳಿ ಅಂತ ಮೊದಲೇ ಮಾತಾಗಿರಬೇಕು. ಕೊಟ್ಟ ತೂಕ, ಒಪ್ಪಿಸಿದ ತೂಕ, ಪುಡಿಯ ತೂಕ, ಮೂರನ್ನೂ ಹುಡುಗ ತನ್ನದೇ ಪುಸ್ತಕದಲ್ಲಿ ಬರೆದುಕೊಳ್ಳಲಿ. ಬರೆದುಕೊಳ್ಳಬೇಡ ಅನ್ನುವ ಕಡೆ ಎಷ್ಟೇ ಸಂಬಳ ಕೊಟ್ಟರೂ ಕಳಿಸಬೇಡ. ಲೆಕ್ಕ ಇಲ್ಲದೆ ಕಳ್ಳ ಅನ್ನಿಸಿಕೊಂಡ ಹುಡುಗರನ್ನು ನಾನು ನೋಡಿದ್ದೇನೆ. ಆಮೇಲೆ ಆ ಬೀದಿಯಲ್ಲಿ ಯಾರೂ ಅವರನ್ನು ಸೇರಿಸಿಕೊಳ್ಳುವುದಿಲ್ಲ.

ಒಳ್ಳೆಯ ಗುರು ಮೊದಲೇ ಚಿನ್ನ ಕೊಡುವುದಿಲ್ಲ. ತಾಮ್ರದ ತಂತಿ ಎಳೆಸುತ್ತಾರೆ, ಆಮೇಲೆ ಬೆಳ್ಳಿ. ಕಾಲ್ಗೆಜ್ಜೆಯ ಕೊಂಡಿ ಬೆಸೆಯುವುದನ್ನೇ ತೆಗೆದುಕೋ. ಎರಡು ತುದಿ ಬೆಳಕು ಕಾಣದ ಹಾಗೆ ಕೂಡಿರಬೇಕು. ನೀರಲ್ಲಿ ತೇಯ್ದ ಬಿಳಿಗಾರ (ಬೋರಾಕ್ಸ್) ಹಚ್ಚಿ, ಬೆಸುಗೆಯ, ಅಂದರೆ ಕೊಂಡಿಗಿಂತ ಬೇಗ ಕರಗುವ ಮಿಶ್ರಲೋಹದ, ಚಿಕ್ಕ ಚೂರು ಇಟ್ಟು, ಉರಿ ಹಿಡಿಯಬೇಕು. ಬಿಳಿಗಾರ ಮೊದಲು ಪುರಿ ಥರ ಉಬ್ಬುತ್ತದೆ, ಚೂರನ್ನು ತಳ್ಳಿಬಿಡುತ್ತದೆ, ಚಿಮುಟದಲ್ಲಿ ಮತ್ತೆ ಕೂರಿಸಬೇಕು. ಉರಿ ಚೂರಿಗೆ ಅಲ್ಲ, ಇಡೀ ಕೊಂಡಿಗೆ ತಾಗಬೇಕು. ಕೊಂಡಿ ಕಾದರೆ ಬೆಸುಗೆ ತಾನೇ ಸಂದಿಗೆ ಹರಿಯುತ್ತದೆ. ಆ ಕ್ಷಣ ಉರಿ ತೆಗೆಯಬೇಕು. ಬೆಳ್ಳಿ ಕರಗುವುದು ಸುಮಾರು 961 ಡಿಗ್ರಿ ಸೆಲ್ಸಿಯಸ್‌ಗೆ. ತಡ ಮಾಡಿದರೆ ಕೊಂಡಿಯೇ ಗುಂಡಾಗುತ್ತದೆ. ಈ ಕ್ಷಣವನ್ನು ಬಾಯಲ್ಲಿ ಹೇಳಿಕೊಡಲು ಆಗದು, ಪಕ್ಕದಲ್ಲಿ ಕೂತವರು ಬೇಕು. ಅದಕ್ಕೇ ಆ ಹಿರಿಯರ ಕಡೆ ನನ್ನ ಮನಸ್ಸು ಜಾಸ್ತಿ.

ಬೆಸುಗೆಗೆ ಕ್ಯಾಡ್ಮಿಯಂ ಅನ್ನುವ ಲೋಹ ಬಳಸುತ್ತಾರಾ ಅಂತಲೂ ಕೇಳು. ಆ ಹೊಗೆ ಶ್ವಾಸಕೋಶಕ್ಕೆ ಕೆಟ್ಟದ್ದು. ಬೆಸುಗೆ ಹದ ಕಲಿಯುವುದು ಈಗ ಇನ್ನೂ ಮುಖ್ಯ. ಚಿನ್ನದ ಒಡವೆಗೆ ಹಾಲ್‌ಮಾರ್ಕ್ (ಶುದ್ಧತೆಯ ಮುದ್ರೆ) 2021ರ ಜೂನ್‌ನಿಂದ ಹಂತಹಂತವಾಗಿ ಕಡ್ಡಾಯವಾಗಿದೆ. ಕಡಿಮೆ ಚಿನ್ನದ ಬೆಸುಗೆ ಜಾಸ್ತಿ ಹಾಕಿದರೆ ಒಡವೆ 916ಕ್ಕೆ, ಅಂದರೆ 22 ಕ್ಯಾರೆಟ್‌ಗೆ, ನಿಲ್ಲುವುದಿಲ್ಲ.

ಗೌರಿಬಿದನೂರು:
ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಅಕ್ಕಸಾಲಿಗರ ಕೆಲಸವೂ ಇದೆ. ತರಬೇತಿ ದಿನಗಳಲ್ಲಿ ದಿನಕ್ಕೆ 500 ರೂಪಾಯಿ, ಸಲಕರಣೆಗೆ 15,000 ರೂಪಾಯಿವರೆಗೆ ಸಿಗುತ್ತದೆ. ಆದರೆ ಅದು ಈಗಾಗಲೇ ಸ್ವಂತವಾಗಿ ಆ ಕೆಲಸ ಮಾಡುತ್ತಿರುವವರಿಗೆ. ನಿಮ್ಮ ತಮ್ಮ ಮೊದಲು ಕಲಿಯಲಿ, ಆಮೇಲೆ ಅರ್ಜಿ ಹಾಕಬಹುದು.

ಚಿಂತಾಮಣಿ ಅಕ್ಕ:
ಎಲ್ಲರಿಗೂ ಥ್ಯಾಂಕ್ಸ್. ಇವತ್ತು ಆಚಾರಿಯವರನ್ನು ಕೇಳಿದೆ. ಪುಸ್ತಕ ಇಡಲಿ, ನಾನೇ ಸಹಿ ಹಾಕುತ್ತೇನೆ ಅಂದರು. ಅಮ್ಮನನ್ನು ಒಪ್ಪಿಸುವುದು ನನಗೆ ಬಿಡಿ. ಅಣ್ಣಾ, ಸೇರುವ ಮುಂಚೆ ಏನಾದರೂ ಕೊಡಿಸಬೇಕಾ?

ಕೋಲಾರದ ಆಚಾರಿ:
ಸಲಕರಣೆ ಬೇಡ, ಅವರದ್ದೇ ಇರುತ್ತದೆ. ಕಣ್ಣಿನ ಡಾಕ್ಟರಿಗೆ ಒಮ್ಮೆ ತೋರಿಸು. ಉರಿ ಹತ್ತಿರ ಕೂರುವಾಗ ಕಾಟನ್ ಅಂಗಿಯೇ ಹಾಕಲಿ, ನೈಲಾನ್ ಬೇಡ.