ಟಿಬೆಟನ್ ಟೋನ್ ಕಲಿಸುವ ಆ್ಯಪ್: ಪಿಚ್ ಗೆರೆಗಳು ಕೂಡ್ತಾ ಇಲ್ಲ

ಬನವಾಸಿ_ಬೈಟ್ (ಶಿರಸಿ)

ಮುಂಡಗೋಡದ ಟಿಬೆಟನ್ ಕ್ಯಾಂಪಿನ ಅಂಗಡಿ, ಆಸ್ಪತ್ರೆಗಳಲ್ಲಿ ಕೆಲಸ ಮಾಡುವ ಕನ್ನಡದವರಿಗಾಗಿ ಆಡುಮಾತಿನ ಟಿಬೆಟನ್ ಕಲಿಸುವ ಸಣ್ಣ ಆ್ಯಪ್ ಮಾಡ್ತಿದ್ದೇನೆ. ಆ ಮಾತಿನಲ್ಲಿ ದನಿಯ ಮಟ್ಟ (ಟೋನ್) ಬದಲಾದರೆ ಪದದ ಅರ್ಥವೇ ಬದಲಾಗ್ತದೆ. ಬ್ರೌಸರಿನಲ್ಲೇ ಓಡುವಂಥದ್ದು. ಪದ ಒತ್ತಿದರೆ ಚಿತ್ರ, ಅರ್ಥ, ಧ್ವನಿ ಬರ್ತದೆ. ಕಲಿಯುವವರು ಮೈಕಿಗೆ ಹೇಳಿದರೆ ಅವರ ಪಿಚ್ (ದನಿಯ ಏರಿಳಿತ) ಗೆರೆ ಮೂಲ ಧ್ವನಿಯ ಗೆರೆ ಮೇಲೆ ಮೂಡ್ತದೆ.

ತೊಡಕು ಅಲ್ಲೇ. ಮೂಲ ಧ್ವನಿ ಗಂಡಸಿನದು. ಹೇಳುವವರು ಹೆಂಗಸಾದರೆ ಎರಡು ಗೆರೆಗೂ ಸಂಬಂಧವೇ ಇರೋದಿಲ್ಲ. ಕೆಲವೊಮ್ಮೆ ಗೆರೆ ಇದ್ದಕ್ಕಿದ್ದಂತೆ ದುಪ್ಪಟ್ಟು ಮೇಲೆ ಜಿಗಿಯುತ್ತದೆ. ಯಾರೂ ಮಾತಾಡದಾಗಲೂ 100 ಹರ್ಟ್ಸ್ ಹತ್ತಿರ ಒಂದು ಸಪಾಟು ಗೆರೆ. ಬಳಸಿದ್ದು ಆಟೋಕೋರಿಲೇಶನ್ (ಧ್ವನಿಯನ್ನು ಅದರದೇ ತುಸು ಸರಿಸಿದ ಪ್ರತಿಯೊಡನೆ ಹೋಲಿಸಿ ಪಿಚ್ ಹುಡುಕುವ ವಿಧಾನ), ಹುಡುಕುವ ವ್ಯಾಪ್ತಿ 50ರಿಂದ 800 ಹರ್ಟ್ಸ್. ಅಂಕ ಹೇಗೆ ಕೊಡಬೇಕು ಅನ್ನೋದೂ ಗೊತ್ತಾಗ್ತಿಲ್ಲ. ಘಟ್ಟದ ಕಡೆ ನೆಟ್‌ವರ್ಕ್ ನೆಚ್ಚಿಕೊಳ್ಳೋ ಹಾಗಿಲ್ಲ, ಹಾಗಾಗಿ ಎಲ್ಲಾ ಆಫ್‌ಲೈನ್ ಇರಬೇಕು.

ಕಾಳಿ_ಸೇತುವೆ (ಕಾರವಾರ)

ಮೊದಲು ಹರ್ಟ್ಸ್ ಬಿಡಿ. ಕಿವಿ ಕೇಳುವುದು ಅನುಪಾತವನ್ನು, ವ್ಯತ್ಯಾಸವನ್ನಲ್ಲ. 220ರಿಂದ 165ಕ್ಕೆ ಇಳಿದ ಹೆಣ್ಣುದನಿ, 110ರಿಂದ 82.5ಕ್ಕೆ ಇಳಿದ ಗಂಡುದನಿ ಎರಡೂ ಇಳಿದದ್ದು ಹೆಚ್ಚುಕಡಿಮೆ 5 ಸೆಮಿಟೋನ್ (ಸಂಗೀತದ ಅರ್ಧಸ್ವರ, 12 ಸೇರಿದರೆ ಪಿಚ್ ದುಪ್ಪಟ್ಟು). ಹರ್ಟ್ಸ್ ಗ್ರಾಫಿನಲ್ಲಿ ಒಂದು 55 ಮನೆ ಇಳಿದ ಹಾಗೆ, ಇನ್ನೊಂದು 27.5 ಮಾತ್ರ ಇಳಿದ ಹಾಗೆ ಕಾಣ್ತದೆ. ಪ್ರತಿ ಫ್ರೇಮಿನ (ಒಂದೊಂದು ಅಳತೆಯ) ಪಿಚ್ಚನ್ನು ಆ ವ್ಯಕ್ತಿಯದೇ ಮೀಡಿಯನ್ (ಸಾಲಾಗಿ ಜೋಡಿಸಿದಾಗ ನಡುವೆ ಬರುವ) ಪಿಚ್‌ನಿಂದ ಭಾಗಿಸಿ, 2ರ ಆಧಾರದ ಲಾಗ್ ತೆಗೆದು, 12ರಿಂದ ಗುಣಿಸಿ. ಸೊನ್ನೆ ಅಂದರೆ ಅವರ ಸಹಜ ದನಿ; ಮೂಲ ಧ್ವನಿಗೂ ಹೀಗೇ ಮಾಡಿ, ಗೆರೆಗಳು ತಾವಾಗಿ ಹತ್ತಿರ ಬರ್ತವೆ. ಮೀಡಿಯನ್ ಸಿಗಲು ಮೊದಲ ಸಲ ಆ್ಯಪ್ ತೆರೆದಾಗ ನಾಲ್ಕೈದು ಕನ್ನಡ ವಾಕ್ಯ ಓದಿಸಿ. ಸರಾಸರಿ ಬೇಡ, ಒಂದೇ ಒಂದು ತಪ್ಪು ಜಿಗಿತ ಅದನ್ನು ಎಳೆದುಬಿಡ್ತದೆ.

ಜಿಗಿತಕ್ಕೆ ಕಾರಣ ನಿಮ್ಮ 50–800. ಅಷ್ಟು ಅಗಲ ಬಿಟ್ಟರೆ ನಿಜವಾದ ಪಿಚ್‌ನ ಅರ್ಧ, ದುಪ್ಪಟ್ಟು ಎರಡೂ ಒಳಗೇ ಬೀಳ್ತವೆ, ಪ್ರೋಗ್ರಾಂ ಯಾವುದನ್ನಾದರೂ ಹಿಡಿಯುತ್ತದೆ. ಎರಡು ಸುತ್ತು ಓಡಿಸಿ. ಮೊದಲು 75–500ರಲ್ಲಿ ಅಳೆದು, ಸಿಕ್ಕ ಬೆಲೆಗಳನ್ನು ಸಣ್ಣದರಿಂದ ದೊಡ್ಡದಕ್ಕೆ ಜೋಡಿಸಿ, ಸಾಲಿನ ಕಾಲು ಭಾಗದಲ್ಲಿ, ಮುಕ್ಕಾಲು ಭಾಗದಲ್ಲಿ ಬರುವ ಬೆಲೆ ಹುಡುಕಿ. ಮೊದಲಿನದರ 0.75 ಪಟ್ಟು ಕೆಳಮಿತಿ, ಎರಡನೆಯದರ 1.5 ಪಟ್ಟು ಮೇಲ್ಮಿತಿ. ಆ ಮಿತಿ ಇಟ್ಟು ಇನ್ನೊಮ್ಮೆ ಅಳೆಯಿರಿ, ಬಹುಪಾಲು ಜಿಗಿತ ನಿಲ್ಲುತ್ತದೆ. ಕೆಳಮಿತಿ ಸುಮ್ಮನೆ ಇಳಿಸಿದರೆ ಇನ್ನೊಂದು ನಷ್ಟ ಇದೆ. ವಿಂಡೋದಲ್ಲಿ (ಒಮ್ಮೆಗೆ ಅಳೆಯುವ ಧ್ವನಿಯ ತುಣುಕು) ಕನಿಷ್ಠ ಮೂರು ಕಂಪನ ಹಿಡಿಸಬೇಕು: 75 ಹರ್ಟ್ಸ್‌ಗೆ 40 ಮಿಲಿಸೆಕೆಂಡ್, 50ಕ್ಕೆ 60. ಒಂದು ಅಕ್ಷರ ಉಚ್ಚರಿಸುವುದೇ 200–300 ಮಿಲಿಸೆಕೆಂಡ್. ವಿಂಡೋ ಉದ್ದವಾದಷ್ಟೂ ಏರಿಳಿತ ಸವೆದು ಸಪಾಟಾಗ್ತದೆ. ಫ್ರೇಮಿನಿಂದ ಫ್ರೇಮಿಗೆ 10 ಮಿಲಿಸೆಕೆಂಡ್ ಸಾಕು.

ಆ 100 ಹರ್ಟ್ಸ್ ಗೆರೆ ಬಹುಶಃ ಕರೆಂಟಿನದು, ಮಾರಾಯ್ರೆ. ನಮ್ಮ ಲೈನ್ 50 ಹರ್ಟ್ಸ್. ಚಾರ್ಜರ್ ಒಳಗೆ ರೆಕ್ಟಿಫೈ (ಎಸಿಯಿಂದ ಡಿಸಿ) ಆದ ಮೇಲೆ 100, 200, 300ರ ಗುಂಯ್ ಶಬ್ದ ಮೈಕ್ ತಂತಿಗೆ ಹತ್ತುತ್ತದೆ. ಅದು ಕ್ರಮಬದ್ಧ ಕಂಪನವೇ ಆದ್ದರಿಂದ 'ಇದು ದನಿ ಹೌದೋ ಅಲ್ಲವೋ' ಎಂಬ ಪರೀಕ್ಷೆಯನ್ನು ಸಲೀಸಾಗಿ ದಾಟುತ್ತದೆ. ತಡೆಯಬೇಕಾದ್ದು ಶಬ್ದಮಟ್ಟದ ಮಿತಿಯಿಂದ. ಧ್ವನಿ ವಿಶ್ಲೇಷಿಸುವ ಪ್ರಾಟ್ ತಂತ್ರಾಂಶದಲ್ಲಿ ಇದು ಗರಿಷ್ಠ ಮಟ್ಟದ 0.03 ಪಟ್ಟು ಅಂತ ಇರ್ತದೆ, ನೀವು 0.05ರಿಂದ ಶುರು ಮಾಡಿ ನೋಡಿ. ಚಾರ್ಜರ್ ಕಿತ್ತು ಬ್ಯಾಟರಿ ಮೇಲೆ ಓಡಿಸಿದಾಗ ಗೆರೆ ಮಾಯವಾದರೆ ಕಾರಣ ಖಾತ್ರಿ.

ಬ್ರೌಸರಿಗೆ ಮೈಕ್ ಕೇಳುವಾಗ ಎಕೋ ಕ್ಯಾನ್ಸಲೇಶನ್, ನಾಯ್ಸ್ ಸಪ್ರೆಶನ್, ಆಟೋ ಗೇನ್ ಮೂರನ್ನೂ ಆಫ್ ಅಂತ ಸ್ಪಷ್ಟವಾಗಿ ಹೇಳಿ, ಇಲ್ಲದಿದ್ದರೆ ಆನ್ ಇರೋದೇ ಹೆಚ್ಚು. ನಾಯ್ಸ್ ಸಪ್ರೆಶನ್ ಪದದ ಕೊನೆಯ ಮೆದು ದನಿಯನ್ನೂ ಗದ್ದಲ ಅಂತ ನುಂಗುತ್ತದೆ. ಬ್ಲೂಟೂತ್ ಹೆಡ್‌ಸೆಟ್ ಬೇಡ. ಮೈಕ್ ಚಾಲೂ ಆದ ಕೂಡಲೇ ಅದು ಕರೆ ಮೋಡಿಗೆ ಇಳಿದು ಕೇಳುವ ಧ್ವನಿಯೂ ಕೆಡುತ್ತದೆ. ಮೂಲ ಧ್ವನಿ ರೆಕಾರ್ಡಿಂಗನ್ನು ಮಳೆಗಾಲಕ್ಕೆ ಮುಂಚೆಯೇ ಮುಗಿಸಿ. ಜುಲೈಯಲ್ಲಿ ತಗಡಿನ ಮಾಡಿನ ಕೆಳಗೆ ಯಾವ ಫಿಲ್ಟರೂ ಕೆಲಸಕ್ಕೆ ಬಾರದು.

ಙ_ಕಾರ (ಮುಂಡಗೋಡ)

ತಂತ್ರದ ಮಾತು ಮೇಲೆ ಬಂದಿದೆ, ನಾನು ಪಾಠದ ಬಗ್ಗೆ ಹೇಳ್ತೇನೆ. ಸಿಗುವ ಮಾದರಿ ಆ್ಯಪ್‌ಗಳಲ್ಲಿ ಹೆಚ್ಚಿನವು ಚೀನೀ ಭಾಷೆಗೆ ಮಾಡಿದ್ದು. ಅಲ್ಲಿ ನಾಲ್ಕು ಟೋನ್‌ಗಳ ಆಕಾರ ಮುಖ್ಯ: ಸಪಾಟು, ಏರು, ತಗ್ಗು, ಇಳಿ. ಲ್ಹಾಸಾ ಬಗೆಯ ಟಿಬೆಟನ್‌ನಲ್ಲಿ ಮೊದಲು ಹಿಡಿಯಬೇಕಾದ್ದು ಮೇಲು, ಕೆಳಗು ಎಂಬ ಎರಡು ಮಟ್ಟ. ಐದು ಗೆರೆಯ ಚೀನೀ ಚೌಕಟ್ಟನ್ನು ಹಾಗೇ ತಂದು ಕೂರಿಸಬೇಡಿ, ಎರಡು ಪಟ್ಟಿ ಸಾಕು.

ಪಾಠವನ್ನು ಙ, ಮ, ನ, ಲ ಇಂಥ ಅಕ್ಷರಗಳಿಂದ ಶುರು ಮಾಡಿ. 'ಙಾ' ಕೆಳದನಿಯಲ್ಲಿ 'ನಾನು', ಮೇಲ್ದನಿಯಲ್ಲಿ 'ಐದು'. ಇಲ್ಲಿ ಪಿಚ್ ಬಿಟ್ಟು ಬೇರೆ ಸುಳಿವಿಲ್ಲ, ಜತೆಗೆ ಅಕ್ಷರದ ಉದ್ದಕ್ಕೂ ದನಿ ಇರುವುದರಿಂದ ಗೆರೆಯೂ ಕಡಿಯುವುದಿಲ್ಲ. 'ಸೇರ್' ಮೇಲ್ದನಿಯಲ್ಲಿ ಬಂಗಾರ, ಕೆಳದನಿಯಲ್ಲಿ 'ಹೇಳು'. ಆದರೆ ಸಕಾರದ ಹೊತ್ತಿನಲ್ಲಿ ಗೆರೆ ಖಾಲಿ ಇರ್ತದೆ. ಆ ಖಾಲಿಯನ್ನು ಅಡ್ಡಗೆರೆ ಎಳೆದು ತುಂಬಬೇಡಿ, ಕಲಿಯುವವರು ಅದನ್ನೂ ಅನುಕರಿಸಲು ಹೋಗ್ತಾರೆ.

ಕಾಗುಣಿತ ನೋಡಿ ಕನ್ನಡದಲ್ಲಿ ಬರೆದರೆ ದಾರಿ ತಪ್ಪುತ್ತದೆ. ಚಹಾಕ್ಕೆ ಬರೆಯುವ ಅಕ್ಷರ 'ಜ', ಬಾಯಲ್ಲಿ ಅದು ಕೆಳದನಿಯ 'ಛಾ'. ಪರದೆ ಮೇಲೆ 'ಜಾ' ಅಂತ ಕಂಡರೆ ನಮ್ಮವರು ಜಕಾರವನ್ನೇ ಹೇಳ್ತಾರೆ, ಟೋನ್ ಮರೀತಾರೆ. ಉಚ್ಚಾರ ಬರೆದು, ಕೆಳದನಿಗೆ ಕೆಳಗೆ, ಮೇಲ್ದನಿಗೆ ಮೇಲೆ ಗೀಟು ಹಾಕಿ.

ಟೋನ್ ಯಾವುದೆಂದು ಪ್ರತಿ ಪದಕ್ಕೂ ಕೈಯಲ್ಲಿ ತುಂಬಬೇಕಾಗಿಲ್ಲ, ಕಾಗುಣಿತದಿಂದಲೇ ಬಹುಪಾಲು ತೆಗೆಯಬಹುದು. ಮೂಲಾಕ್ಷರ (ಪದದ ಮುಖ್ಯ ವ್ಯಂಜನ) ಕ, ಚ, ತ, ಪ ಅಥವಾ ಖ, ಛ, ಥ, ಫ ಆದರೆ ಮೇಲು, ಗ, ಜ, ದ, ಬ ಆದರೆ ಕೆಳಗು. ಅನುನಾಸಿಕ ಒಂಟಿಯಾಗಿದ್ದರೆ ಕೆಳಗು. ಅದರ ಎಡಕ್ಕೋ ತಲೆಮೇಲೋ ಇನ್ನೊಂದು ಅಕ್ಷರವಿದ್ದರೆ ಮೇಲು. 'ಐದು' ಪದಕ್ಕೆ ತಲೆಮೇಲೆ ಲ ಇದೆ, 'ನಾನು'ಗೆ ಇಲ್ಲ. 'ದ್ಬ'ದಂಥ ಕೂಟಗಳಿಗೆ ಬೇರೆ ಅಪವಾದ ಪಟ್ಟಿ ಇಡಿ. ಎರಡಕ್ಷರದ ಪದದಲ್ಲಿ ಈ ಭೇದ ಉಳಿಯುವುದು ಮೊದಲ ಅಕ್ಷರದಲ್ಲಿ ಮಾತ್ರ, ಎರಡನೆಯದು ಸಾಮಾನ್ಯವಾಗಿ ಮೇಲೇ ಹೋಗ್ತದೆ. ಬಿಡಿ ಅಕ್ಷರ ರೆಕಾರ್ಡ್ ಮಾಡಿ ಪದ ಜೋಡಿಸುವ ಯೋಚನೆ ಇದ್ದರೆ ಇಲ್ಲೇ ಕೈಬಿಡಿ.

ಇನ್ನೊಂದು: ಕ್ಯಾಂಪಿನಲ್ಲಿ ಎಲ್ಲರ ಮನೆಮಾತೂ ಒಂದೇ ಅಲ್ಲ. ಆಮ್ದೋ (ಈಶಾನ್ಯ ಟಿಬೆಟ್) ಮಾತಿನಲ್ಲಿ ಟೋನ್ ಭೇದವೇ ಇಲ್ಲ. ಧ್ವನಿ ಕೊಡುವವರ ಮೂಲ ಯಾವ ಕಡೆ ಎಂದು ಮೊದಲೇ ಕೇಳಿಕೊಳ್ಳಿ.

ಬನವಾಸಿ_ಬೈಟ್

ಕಾಗುಣಿತದ ನಿಯಮ ತುಂಬಾ ಉಪಯೋಗ ಆಯ್ತು. ಅಂಕ? ಈಗ ಎರಡು ಗೆರೆ ಹೋಲಿಸಿ 'ಶೇಕಡಾ 73' ಅಂತ ತೋರಿಸ್ತಿದ್ದೇನೆ.

ಕಾಳಿ_ಸೇತುವೆ

ಶೇಕಡಾ ತೆಗೆಯಿರಿ. 73 ಕಂಡವರಿಗೆ ಮುಂದಿನ ಸಲ ಏನು ಬದಲಿಸಬೇಕು ಎಂದು ತಿಳಿಯುವುದಿಲ್ಲ. ಸ್ವರದ ಮೊದಲ 40 ಮಿಲಿಸೆಕೆಂಡ್ ಬಿಡಿ, ವ್ಯಂಜನದ ಪ್ರಭಾವದಿಂದ ಅಲ್ಲಿ ಪಿಚ್ ಓಲಾಡುತ್ತದೆ. ನಡುವಿನ ಮೂರನೇ ಒಂದು ಭಾಗದ ಮೀಡಿಯನ್ ನೋಡಿ ಮೇಲೋ ಕೆಳಗೋ ನಿರ್ಧರಿಸಿ. ಗಡಿ ಎಲ್ಲಿ ಎಂಬುದನ್ನು ನಿಮ್ಮ ಮೂಲ ಧ್ವನಿಗಳಿಂದಲೇ ಅಳೆದುಕೊಳ್ಳಿ. ಉತ್ತರ ಮೂರೇ ಇರಲಿ: 'ಸರಿ', 'ಇನ್ನೂ ಕೆಳಗೆ' ಅಥವಾ 'ಇನ್ನೂ ಮೇಲೆ', 'ಧ್ವನಿ ಸರಿಯಾಗಿ ಸಿಗಲಿಲ್ಲ'. ಕೊನೆಯದು ಕಡ್ಡಾಯ. ದನಿಯ ಫ್ರೇಮ್ ಎಂಟಕ್ಕಿಂತ ಕಡಿಮೆ ಸಿಕ್ಕರೆ ಕಲಿಯುವವರ ಮೇಲೆ ತಪ್ಪು ಹೊರಿಸಬೇಡಿ.

ಗೆರೆಗಿಂತ ಕಿವಿಯ ಅಭ್ಯಾಸಕ್ಕೆ ಹೆಚ್ಚು ಜಾಗ ಕೊಡಿ. ಅಮೆರಿಕದ ಕಲಿಯುವವರಿಗೆ ಹಲವರ ದನಿಯಲ್ಲಿ ಚೀನೀ ಟೋನ್ ಗುರುತಿಸಲು ಕಲಿಸಿದ 1999ರ ಅಧ್ಯಯನದಲ್ಲಿ, ಮುಂಚೆ ಕೇಳಿರದ ದನಿಗಳಲ್ಲೂ ಅವರು ಸುಧಾರಿಸಿದ್ದರು, ಆರು ತಿಂಗಳ ನಂತರವೂ ಅದು ಉಳಿದಿತ್ತು. 2003ರಲ್ಲಿ ಬಂದ ಮುಂದುವರಿಕೆಯಲ್ಲಿ, ಬರೀ ಕೇಳುವ ತರಬೇತಿಯಿಂದ ಉಚ್ಚಾರವೂ ಸುಧಾರಿಸಿದ್ದು ಕಂಡಿತು. ಒಂದೇ ಗಂಡಸಿನ ಧ್ವನಿ ಇಟ್ಟರೆ ಜನ ಟೋನ್ ಬದಲು ಆ ಮನುಷ್ಯನ ಮಾತನ್ನು ಕಲೀತಾರೆ. ಇಬ್ಬರು ಹೆಂಗಸರು, ಇಬ್ಬರು ಗಂಡಸರು ಬೇಕೇ ಬೇಕು. ಪರೀಕ್ಷೆಗೆ ಐದನೆಯವರ ಧ್ವನಿ.

ಗಾತ್ರಕ್ಕೆ ಹೆದರಬೇಡಿ. ಓಪಸ್ (ಧ್ವನಿ ಕುಗ್ಗಿಸಿಡುವ ಮಾದರಿ) ಮೋನೋ 32 ಕಿಲೋಬಿಟ್ ಅಂದರೆ ಸೆಕೆಂಡಿಗೆ 4 ಕೆಬಿ. 300 ಪದ, ನಾಲ್ಕು ಧ್ವನಿ, ತಲಾ ಒಂದು ಸೆಕೆಂಡ್: 5 ಎಂಬಿ ಒಳಗೆ. ಹಳೇ ಐಫೋನ್‌ಗಳು ಓಗ್ ಓಪಸ್ ನುಡಿಸುವುದಿಲ್ಲ, ಅವಕ್ಕೆ ಎಎಸಿ ಎಂಬ ಇನ್ನೊಂದು ಮಾದರಿಯ ಪ್ರತಿ ಇಡಿ. ಎಎಸಿ, ಎಂಪಿ3 ಎರಡೂ ಫೈಲಿನ ಮೊದಲಿಗೆ ಸ್ವಲ್ಪ ಮೌನ ಸೇರಿಸುತ್ತವೆ, ಗೆರೆ ಅಷ್ಟು ಮುಂದಕ್ಕೆ ಸರಿದುಬಿಡ್ತದೆ. ಅದಕ್ಕೇ ಮೂಲ ಧ್ವನಿಯ ಪಿಚ್ಚನ್ನು ಫೋನಿನಲ್ಲಿ ಅಳೆಯಬೇಡಿ. ಕುಗ್ಗಿಸದ ಡಬ್ಲ್ಯುಎವಿ ಫೈಲಿನಿಂದ ಮೊದಲೇ ಅಳೆದು ಅಂಕಿಗಳನ್ನು ಪದದ ಜೊತೆ ಇಡಿ.